ಮರಿಹಾವಿಗೆ ನುಸಿ: ಮದ್ದು ಮರಿಗಿಂತ ದೊಡ್ಡದಾಗದಿರಲಿ

ಬಾಲ್ ಪೈಥಾನಿನ ಮರಿ ದಿನವಿಡೀ ನೀರಿನ ಬಟ್ಟಲಲ್ಲೇ ಸುರುಳಿ ಸುತ್ತಿಕೊಂಡು ಕೂತಿದ್ದರೆ ಪಾಪ, ಸೆಖೆಯಾಗಿರಬೇಕು ಎಂದುಕೊಳ್ಳುತ್ತೇವೆ. ಅದನ್ನೆತ್ತಿ ಬಟ್ಟಲಿನ ತಳ ನೋಡಿದರೆ ಕಪ್ಪು ಚುಕ್ಕಿಗಳು. ಹೆಚ್ಚಿನವು ಸತ್ತಿರುತ್ತವೆ, ಕೆಲವು ಇನ್ನೂ ಕಾಲಾಡಿಸುತ್ತಿರುತ್ತವೆ. ಮರಿಯನ್ನು ಅಂಗೈ ಮೇಲೆ ಹರಿಯಲು ಬಿಟ್ಟರೆ ಅಲ್ಲೂ ಒಂದೆರಡು ಉಳಿಯುತ್ತವೆ. ಬಿಳಿ ಕಾಗದಕ್ಕೆ ಹಾಕಿ ಉಗುರಿನಿಂದ ಅರೆದರೆ ಕೆಂಪು ಗೆರೆ ಮೂಡುತ್ತದೆ. ಅದು ಮರಿಯ ರಕ್ತ.

ಇದೇ ಹಾವಿನ ನುಸಿ. ವಿಜ್ಞಾನಿಗಳು ಇಟ್ಟ ಹೆಸರು ಓಫಿಯೋನಿಸಸ್ ನ್ಯಾಟ್ರಿಸಿಸ್. ಹೊಟ್ಟೆ ತುಂಬಿದ ಹೆಣ್ಣು ಸುಮಾರು ಒಂದು ಮಿಲಿಮೀಟರ್ ಇರುತ್ತದೆ, ಹಸಿದದ್ದು ಅದರ ಅರ್ಧ. ಹಾವು ಸಾಕುವ ಎಲ್ಲ ದೇಶಗಳಲ್ಲೂ ಇದು ಇದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಕಾರ್ನ್ ಸ್ನೇಕ್ ಬೇಕೆಂದು ಹಟ ಹಿಡಿದು ತಂದುಕೊಂಡಲ್ಲೂ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಯಾರೋ ಬಾಲ್ ಪೈಥಾನ್ ಇಟ್ಟುಕೊಂಡಲ್ಲೂ ಕಾಟ ಒಂದೇ. ಕಾಟಕ್ಕಿಂತ ದೊಡ್ಡದು ಅದರ ಸುತ್ತ ಬೆಳೆದಿರುವ ಕೈಮದ್ದುಗಳ ಪಟ್ಟಿ. ನುಸಿ ಒಂದು ಮರಿಯನ್ನು ಕೊಲ್ಲಲು ವಾರಗಳು ಬೇಕು. ತಪ್ಪು ಮದ್ದಿಗೆ ಒಂದು ರಾತ್ರಿ ಸಾಕು. ಈ ಬರಹದ ಗುರಿ ಆ ಪಟ್ಟಿಯೇ.

ತಪ್ಪು ಕಲ್ಪನೆ: ಗಲೀಜಿದ್ದಲ್ಲಿ ನುಸಿ ಹುಟ್ಟುತ್ತದೆ. ನಮ್ಮ ಪೆಟ್ಟಿಗೆ ಸ್ವಚ್ಛವಾಗಿದೆ.

ನುಸಿ ಕೊಳೆಯಿಂದ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆ. ಹೊಸದಾಗಿ ತಂದ ಹಾವಿನ ಜೊತೆ ಬರುತ್ತದೆ. ಬೇರೆಯವರ ಹಾವನ್ನು ಮುಟ್ಟಿ ಬಂದ ಕೈಯಲ್ಲಿ, ಅಂಗಿಯ ತೋಳಿನಲ್ಲಿ, ಯಾರೋ ಕೊಟ್ಟ ಹಳೆಯ ಮರದ ತುಂಡಿನಲ್ಲಿ ಬರುತ್ತದೆ. ಕನ್ನಡಿಯಂತೆ ತೊಳೆದಿಟ್ಟ ಗಾಜಿನ ತೊಟ್ಟಿಗೂ ಬಂದೀತು. ಕೊಳೆಯಿದ್ದರೆ ಅಡಗಲು ಜಾಗ ಹೆಚ್ಚು ಸಿಗುತ್ತದೆ ಅಷ್ಟೆ.

ಬರುವುದಕ್ಕೆ ಗಂಡು ಹೆಣ್ಣು ಜೋಡಿಯೇ ಬೇಕೆಂದಿಲ್ಲ. ಈ ನುಸಿಯಲ್ಲಿ ಗಂಡಿನ ಸಂಗವಿಲ್ಲದ ಹೆಣ್ಣೂ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳಿಂದ ಗಂಡುಗಳು ಮಾತ್ರ ಹುಟ್ಟುತ್ತವೆ. ಆಮೇಲೆ ತಾಯಿ ಆ ಗಂಡುಗಳ ಜೊತೆಗೇ ಕೂಡಿ ಹೆಣ್ಣುಗಳನ್ನೂ ಪಡೆಯಬಲ್ಲದು. ಒಂದೇ ಒಂದು ಹೆಣ್ಣಿನಿಂದ ಇಡೀ ಸಂಸಾರ ಶುರುವಾಗುತ್ತದೆ. ಆದ್ದರಿಂದ ‘ಒಂದೇ ಕಂಡಿತು, ಪರವಾಗಿಲ್ಲ’ ಎನ್ನುವ ಮಾತಿಗೆ ಅರ್ಥವಿಲ್ಲ.

ಹೊಸ ಹಾವನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬಿಳಿ ಟಿಶ್ಯೂ ಕಾಗದದ ಹಾಸಿನ ಮೇಲೆ ಇಡುವುದು ಈ ಹವ್ಯಾಸದ ಹಳೆಯ ನಿಯಮ. ಮುರಿಯುವವರೇ ಹೆಚ್ಚು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಹಾವುಗಳು ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತೇವೆ. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಾಗಳು ಒಬ್ಬನ ಚೀಲದಲ್ಲಿದ್ದವು. ಹಾಗೆ ಒಂದರ ಮೇಲೊಂದು ತುರುಕಿದ ಹಾವುಗಳ ನಡುವೆ ನುಸಿಗೆ ಒಂದು ಮೈಯಿಂದ ಇನ್ನೊಂದು ಮೈಗೆ ದಾಟುವುದು ಕಷ್ಟವೇ ಅಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹಾವನ್ನು ಅಗ್ಗಕ್ಕೆ ಕೊಳ್ಳದಿರಲು ಕಾನೂನಿನ ಜೊತೆಗೆ ಇದೂ ಒಂದು ಕಾರಣ.

ಒಂದು ಎಚ್ಚರಿಕೆ: ತೇವವಿರುವ ತೆಂಗಿನ ನಾರಿನ ಹಾಸಿನಲ್ಲಿ ಬೆಳ್ಳಗಿನ ಸಣ್ಣ ಹುಳಗಳು ಕಂಡು, ಮುಟ್ಟಿದರೆ ಹಾರಿದರೆ, ಅವು ಸ್ಪ್ರಿಂಗ್‌ಟೇಲ್‌ಗಳು. ಅವು ಬೂಷ್ಟು ತಿಂದು ಬದುಕುವ ನಿರುಪದ್ರವಿಗಳು. ಅವುಗಳ ಮೇಲಿನ ಸಿಟ್ಟಿಗೆ ಮರಿಗೆ ವಿಷ ಹಾಕಬೇಡಿ.

ತಪ್ಪು ಕಲ್ಪನೆ: ನುಸಿ ಇರುವುದು ಹಾವಿನ ಮೈಮೇಲೆ. ಆದ್ದರಿಂದ ಮದ್ದು ಹಾವಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿಗೆ ಹೊಂದುವಷ್ಟು ಬೇರೆಲ್ಲೂ ಹೊಂದಲಿಕ್ಕಿಲ್ಲ. ನುಸಿಯ ಬಾಳು ನಡೆಯುವುದು ಬಹುಮಟ್ಟಿಗೆ ಪೆಟ್ಟಿಗೆಯಲ್ಲಿ. ಹಾವು ಅದಕ್ಕೆ ಊಟದ ಮನೆ ಮಾತ್ರ.

ಇದನ್ನು ಕೂಲಂಕಷವಾಗಿ ನೋಡಿ ಬರೆದಿಟ್ಟವರು ಅಮೆರಿಕದ ಜೋಸೆಫ್ ಕ್ಯಾಮಿನ್. 1953ರಲ್ಲಿ ಬಂದ ಅವರ ಅಧ್ಯಯನವನ್ನು ಇಂದಿಗೂ ಸರೀಸೃಪ ವೈದ್ಯರು ಆಧಾರವಾಗಿ ಹಿಡಿಯುತ್ತಾರೆ. ನುಸಿಗೆ ಐದು ಅವಸ್ಥೆಗಳು. ಮೊಟ್ಟೆ ಒಡೆದು ಆರು ಕಾಲಿನ ಬಿಳಿ ಮರಿ ಬರುತ್ತದೆ, ಅದು ಏನೂ ತಿನ್ನುವುದಿಲ್ಲ. ಒಂದೆರಡು ದಿನದಲ್ಲಿ ಪೊರೆ ಬಿಟ್ಟು ಎಂಟು ಕಾಲಿನ ಮೊದಲ ಎಳೆನುಸಿಯಾಗುತ್ತದೆ. ಇದಕ್ಕೆ ರಕ್ತ ಬೇಕು, ಹಾವನ್ನು ಹುಡುಕಿ ಹೊರಡುತ್ತದೆ. ಕುಡಿದು ಇಳಿದು ಎರಡನೆಯ ಎಳೆನುಸಿಯಾಗುತ್ತದೆ. ಆ ಅವಸ್ಥೆ ಒಂದು ದಿನದ್ದು, ಊಟವಿಲ್ಲ. ಕೊನೆಗೆ ಬೆಳೆದ ನುಸಿ ಮತ್ತೆ ಹಾವಿಗೆ ಹತ್ತುತ್ತದೆ. ಐದರಲ್ಲಿ ರಕ್ತ ಕುಡಿಯುವ ಅವಸ್ಥೆಗಳು ಎರಡೇ. ಮಿಕ್ಕ ಮೂರೂ ಕಳೆಯುವುದು ಹಾಸಿನಲ್ಲಿ, ಮುಚ್ಚಳದ ಅಂಚಿನಲ್ಲಿ, ಸ್ಕ್ರೂ ತೂತಿನಲ್ಲಿ, ಮರದ ಬಿರುಕಿನಲ್ಲಿ.

ಹೆಣ್ಣು ರಕ್ತ ಕುಡಿದು ತುಂಬಿದ ಮೇಲೆ ಹಾವಿನಿಂದ ಇಳಿದು, ಕತ್ತಲೆ ಮತ್ತು ತೇವ ಇರುವ ಸಂದು ಹುಡುಕಿ ಮೊಟ್ಟೆ ಇಡುತ್ತದೆ. ಮೇಲಕ್ಕೆ ಹತ್ತುವ ಚಾಳಿ ಅದಕ್ಕಿದೆ. ಹಾಗಾಗಿ ನೆಲ ಒರೆಸಿ ಮುಚ್ಚಳದ ಕೆಳಅಂಚನ್ನು ಬಿಟ್ಟವರು ಮೊಟ್ಟೆಗಳನ್ನೆಲ್ಲ ಅಲ್ಲೇ ಉಳಿಸಿರುತ್ತಾರೆ. ಬದುಕಿನ ಒಂದು ತಿಂಗಳಲ್ಲಿ ಒಂದು ಹೆಣ್ಣು ಇಡುವುದು 60ರಿಂದ 80 ಮೊಟ್ಟೆ. ಅದಕ್ಕೆ ಹಿತವಾದದ್ದು 24ರಿಂದ 30 ಡಿಗ್ರಿ ಸೆಲ್ಸಿಯಸ್ ಮತ್ತು ಒಳ್ಳೆಯ ತೇವ. ಬಾಲ್ ಪೈಥಾನಿಗೆ ನಾವು ಕಷ್ಟಪಟ್ಟು ಒದಗಿಸುವ ಹವೆಯೂ ಹೆಚ್ಚುಕಡಿಮೆ ಅದೇ. ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಗೆ ಎರಡು ವಾರಕ್ಕೂ ಕಡಿಮೆ ಸಾಕಾಗುತ್ತದೆ.

ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಪೆಟ್ಟಿಗೆಯದು. ಮರಿಯನ್ನು ಬೇರೆ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ. ಹಳೆಯ ಹಾಸನ್ನು ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮನೆಯಿಂದ ಆಚೆ ಸಾಗಿಸಿ. ಕಸದ ಬುಟ್ಟಿಯಲ್ಲಿ ರಾತ್ರಿ ಇಟ್ಟರೆ ನುಸಿಗಳು ನಡೆದು ವಾಪಸು ಬರುತ್ತವೆ. ಬಿರುಕು ಬಿಟ್ಟ ಮರ, ತೊಗಟೆಗಳ ಮೇಲೆ ಮೋಹ ಬೇಡ, ಎಸೆದುಬಿಡಿ. 50 ಡಿಗ್ರಿ ದಾಟಿದ ಬಿಸಿಯಲ್ಲಿ ನುಸಿ ಕ್ಷಣಗಳಲ್ಲಿ ಸಾಯುತ್ತದೆ. ಗಾಜು, ಪ್ಲಾಸ್ಟಿಕ್, ಬಟ್ಟಲು ಎಲ್ಲವನ್ನೂ ಬಿಸಿನೀರು ಸೋಪಿನಲ್ಲಿ ತಿಕ್ಕಿ ತೊಳೆದು, ಸಂದುಗಳಿಗೆ ಕುದಿನೀರು ಸುರಿದು, ಬಿಸಿಲಿಗೆ ಒಣಗಿಸಿ. ಈ ಬಿಸಿಯ ಉಪಾಯ ವಸ್ತುಗಳಿಗೆ ಮಾತ್ರ. ನುಸಿ ಸಾಯುವ ಬಿಸಿಯಲ್ಲಿ ಹಾವೂ ಸಾಯುತ್ತದೆ.

ಮರಿಯ ತಾತ್ಕಾಲಿಕ ಮನೆ ಎಷ್ಟು ಬರಿದಾಗಿದ್ದರೆ ಅಷ್ಟು ಒಳ್ಳೆಯದು. ಬಿಳಿ ಟಿಶ್ಯೂ ಹಾಸು, ಸಣ್ಣ ನೀರಿನ ಬಟ್ಟಲು, ಅಡಗಲು ರಟ್ಟಿನ ಒಂದು ಡಬ್ಬಿ. ರಟ್ಟನ್ನೂ ಹಾಸನ್ನೂ ಎರಡು ಮೂರು ದಿನಕ್ಕೊಮ್ಮೆ ಚೀಲಕ್ಕೆ ಹಾಕಿ ಹೊಸದು ಇಡಿ. ಅಡಗಲು ಏನೂ ಇಡದೆ ಬರಿಗಾಜಿನಲ್ಲಿ ಬಿಟ್ಟರೆ ಮರಿ ಬೆದರಿ ಊಟ ಬಿಡುತ್ತದೆ. ಪೆಟ್ಟಿಗೆ ಇಡುವ ಕಪಾಟು, ಗೋಡೆಯ ಮೂಲೆ, ಹತ್ತಿರದ ನೆಲ ಎಲ್ಲಕ್ಕೂ ವ್ಯಾಕ್ಯೂಮ್ ಹಾಕಿ, ಚೀಲ ತಕ್ಷಣ ಹೊರಗೆ. ಬೇರೆ ಹಾವುಗಳಿದ್ದರೆ ಅವುಗಳ ಕೆಲಸ ಮೊದಲು ಮುಗಿಸಿ, ನುಸಿ ಹತ್ತಿದ್ದನ್ನು ಕೊನೆಗೆ ಮುಟ್ಟಿ, ಆಮೇಲೆ ಬಟ್ಟೆ ಬದಲಿಸಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮರಿಯ ಮೈಗೆ ಒಂದು ತೊಟ್ಟೂ ವಿಷ ತಾಗದಂತೆ ನುಸಿಯ ಸಂಖ್ಯೆ ಇಳಿಸುವ ಮೊದಲ ದಾರಿ ಇದು.

ತಪ್ಪು ಕಲ್ಪನೆ: ಚೆನ್ನಾಗಿ ನೀರಲ್ಲಿ ಮುಳುಗಿಸಿದರೆ ಎಲ್ಲ ಸಾಯುತ್ತವೆ.

ಅರ್ಧ ನಿಜ. ನೀರಿನ ಕೆಳಗೆ ಉಳಿದ ನುಸಿ ಸಾಯುತ್ತದೆ. ಆದರೆ ಹಾವಿನ ತಲೆ ನೀರಿನ ಮೇಲಿರುತ್ತದಲ್ಲ! ಕೆಲವು ತಲೆಗೆ ಹತ್ತುತ್ತವೆ. ಹಾವಿಗೆ ಕಣ್ಣಿನ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಒಂದು ಪಾರದರ್ಶಕ ಹುರುಪೆ ಇರುತ್ತದೆ. ಅದರ ಸುತ್ತಲಿನ ಅಂಚು ನುಸಿಗೆ ಅಚ್ಚುಮೆಚ್ಚಿನ ಜಾಗ. ಗದ್ದದ ಕೆಳಗಿನ ಸೀಳು, ಪೈಥಾನಿನ ತುಟಿಯ ಮೇಲಿರುವ ಶಾಖ ಗ್ರಹಿಸುವ ಗುಳಿಗಳು, ಗುದದ್ವಾರದ ಮಡಿಕೆ, ಇವೂ ಹಾಗೆಯೇ. ಭೂತಗನ್ನಡಿ ಹಿಡಿದು ನೋಡಿದರೆ ಕಣ್ಣಿನ ಸುತ್ತ ಹುರುಪೆಗಳು ಎದ್ದುನಿಂತು, ಅವುಗಳಡಿಯಿಂದ ಕಪ್ಪು ಬೆನ್ನುಗಳು ಇಣುಕುವುದು ಕಾಣುತ್ತದೆ.

ಮರಿಗೆ ಸ್ನಾನ ಮಾಡಿಸಬಹುದು, ಕ್ರಮ ಮಾತ್ರ ಇರಲಿ. ಮುಟ್ಟಿದರೆ ಉಗುರುಬೆಚ್ಚಗೂ ಅನಿಸದ, ಸುಮಾರು 28-30 ಡಿಗ್ರಿಯ ನೀರು. ಆಳ ಮರಿಯ ಮೈಯ ಎತ್ತರಕ್ಕಿಂತ ಹೆಚ್ಚು ಬೇಡ, ನೆಲ ಮುಟ್ಟಿ ತಲೆ ಎತ್ತುವಂತಿರಬೇಕು. ಹದಿನೈದು ಇಪ್ಪತ್ತು ನಿಮಿಷ, ಪಕ್ಕದಲ್ಲೇ ಕೂತಿರಿ. ಮುಚ್ಚಳ ಹಾಕಿ ಫೋನ್ ನೋಡಲು ಹೋದರೆ ದಣಿದ ಮರಿ ಮುಳುಗುತ್ತದೆ. ಇಲಿಮರಿ ನುಂಗಿ ಎರಡು ದಿನ ಆಗಿರದಿದ್ದರೆ ಸ್ನಾನವೇ ಬೇಡ, ಕಕ್ಕುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ನುಸಿ ಬೇಗ ಮುಳುಗುತ್ತದೆ ಎಂದು ಕೆಲವರು ಸೋಪು ಬೆರೆಸುತ್ತಾರೆ. ಹುರುಪೆಯ ನಡುವಿನ ಚರ್ಮಕ್ಕೂ ಬಾಯಿಗೂ ಅದು ಒಳ್ಳೆಯದಲ್ಲ. ಬರಿ ನೀರು ಸಾಕು.

ಪೊರೆ ಬಿಡುವ ಹೊತ್ತು ಒಂದು ಅವಕಾಶ. ಕಳಚಿದ ಪೊರೆಯ ಜೊತೆ ಎಷ್ಟೋ ನುಸಿಗಳೂ ಬೀಳುತ್ತವೆ. ಪೊರೆ ಬಿಟ್ಟದ್ದು ಕಂಡ ಕೂಡಲೇ ಅದನ್ನು ತೆಗೆದು ಚೀಲಕ್ಕೆ ಹಾಕಿ. ಕಣ್ಣಿನ ಪೊರೆ ಉಳಿದುಕೊಂಡಿದ್ದರೆ ಚಿಮಟದಿಂದ ಕೀಳುವ ಸಾಹಸ ಬೇಡ, ಕಣ್ಣೇ ಹೋದೀತು.

ತಪ್ಪು ಕಲ್ಪನೆ: ನಾಯಿಗೆ, ದನಕ್ಕೆ ಕೊಡುವ ಮದ್ದನ್ನೇ ಒಂದು ತೊಟ್ಟು ಕೊಟ್ಟರಾಯಿತು.

ಇಲ್ಲೇ ಹೆಚ್ಚು ಮರಿಗಳು ಕೈತಪ್ಪುವ ಅಪಾಯ. ಲೆಕ್ಕ ಹಾಕಿಯೇ ನೋಡೋಣ.

ಐವರ್‌ಮೆಕ್ಟಿನ್ ನಮ್ಮ ಹಳ್ಳಿಗಳ ಪಶುವೈದ್ಯ ಅಂಗಡಿಗಳಲ್ಲೂ ಸಿಗುವ ಔಷಧ. ಚುಚ್ಚುಮದ್ದಿನ ಬಾಟಲಿಯ ಮೇಲೆ 1% ಎಂದಿರುತ್ತದೆ. ಹಾಗೆಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ. 50 ಕಿಲೋ ಕರುವಿಗೆ ಒಂದು ಎಂಎಲ್. ಹಾವುಗಳಿಗೂ ವೈದ್ಯರ ಕೈಪಿಡಿಗಳಲ್ಲಿ ಇರುವ ಪ್ರಮಾಣ ಕಿಲೋಗೆ 0.2 ಮಿಲಿಗ್ರಾಂ. ಮೊಟ್ಟೆಯೊಡೆದ ಬಾಲ್ ಪೈಥಾನ್ ಮರಿಯ ತೂಕ 60 ಗ್ರಾಂ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದದ್ದು 0.012 ಮಿಲಿಗ್ರಾಂ, ಬಾಟಲಿಯಿಂದ ನೇರ ತೆಗೆದರೆ 0.0012 ಎಂಎಲ್. ಮೆಡಿಕಲ್ ಶಾಪಿನ 40 ಯೂನಿಟ್ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಗೆರೆ ಎಂದರೆ 0.025 ಎಂಎಲ್. ಅಂದರೆ ಒಂದೇ ಗೆರೆ ಎಳೆದರೂ ಇಪ್ಪತ್ತು ಪಟ್ಟು ಮದ್ದು. ‘ಒಂದು ತೊಟ್ಟು’ ಎಂದರೆ ಸುಮಾರು 0.05 ಎಂಎಲ್, ನಲವತ್ತು ಪಟ್ಟು. ಇನ್ನು ಕಾರ್ನ್ ಸ್ನೇಕಿನ ಮರಿ ಹುಟ್ಟುವಾಗ ಇರುವುದೇ ಆರೇಳು ಗ್ರಾಂ. ಅದಕ್ಕೆ ಆ ತೊಟ್ಟು ಮುನ್ನೂರೈವತ್ತು ಪಟ್ಟು. ನೀರು ಬೆರೆಸಿ ತೆಳುಮಾಡಿಕೊಳ್ಳುತ್ತೇನೆ ಎಂದರೆ ಐವರ್‌ಮೆಕ್ಟಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೇಲೆ ತೇಲಿದ್ದೋ ತಳದಲ್ಲಿ ಉಳಿದದ್ದೋ ಯಾವ ಹನಿಯಲ್ಲಿ ಎಷ್ಟಿದೆ ಎಂದು ಹೇಳಲಾಗದು. ವೈದ್ಯರು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ತೆಳುಮಾಡುವುದು ಇದಕ್ಕೇ.

ಹೆಚ್ಚಾದರೆ ಏನಾಗುತ್ತದೆ? ಐವರ್‌ಮೆಕ್ಟಿನ್ ನುಸಿಯ ನರಗಳನ್ನು ಸ್ತಬ್ಧಗೊಳಿಸಿ ಕೊಲ್ಲುತ್ತದೆ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಮಿದುಳಿನ ರಕ್ಷಾಗೋಡೆ ಅದನ್ನು ಒಳಬಿಡದೆ ತಡೆಯುತ್ತದೆ. ಪ್ರಮಾಣ ಮೀರಿದರೆ ಗೋಡೆ ಸೋಲುತ್ತದೆ. ಮರಿ ಸಡಿಲ ಹಗ್ಗವಾಗುತ್ತದೆ, ಮಗುಚಿ ಹಾಕಿದರೆ ತಿರುಗಿ ಹೊಟ್ಟೆಯ ಮೇಲೆ ಬರಲಾರದು, ಬಾಯಿ ತೆರೆದೇ ಇರುತ್ತದೆ. ಆಮೆಗಳ ರಕ್ಷಾಗೋಡೆಯಂತೂ ತೀರಾ ದುರ್ಬಲ. ಮಾಮೂಲಿ ಪ್ರಮಾಣಕ್ಕೇ ಅವು ಲಕ್ವ ಹೊಡೆದು ಸಾಯುತ್ತವೆ. ಮನೆಯಲ್ಲಿ ಹಾವಿನ ಜೊತೆ ಆಮೆಯೂ ಇದ್ದರೆ ಆ ಬಾಟಲಿ ಅತ್ತ ಸುಳಿಯಲೂ ಬಾರದು.

ನಾಯಿಗಳ ಉಣ್ಣೆಗೆ ಬಳಸುವ ಫಿಪ್ರೊನಿಲ್ ಸ್ಪ್ರೇಯ ಕಥೆ ಬೇರೆ. ಸರೀಸೃಪ ವೈದ್ಯರು ಅದನ್ನು ಬಳಸುವುದುಂಟು. ಬಟ್ಟೆಗೆ ಸ್ವಲ್ಪ ತಾಗಿಸಿ, ತಲೆ ಬಿಟ್ಟು ಮೈಗೆ ಒರೆಸುತ್ತಾರೆ. ಹಾವಿನ ಮೇಲೆ ನೇರ ಸಿಂಪಡಿಸುವುದಿಲ್ಲ. ಆ ಸ್ಪ್ರೇಯಲ್ಲಿ ಔಷಧಕ್ಕಿಂತ ಬಹುಪಾಲು ಇರುವುದು ಆಲ್ಕೊಹಾಲ್. ತೂಕಕ್ಕೆ ಹೋಲಿಸಿದರೆ ಮರಿಯ ಚರ್ಮದ ಹರವು ದೊಡ್ಡ ಹಾವಿನದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಹೀರಿಕೊಳ್ಳುವುದೂ ಹೆಚ್ಚು. ಮೇಲಿಂದ ಆಲ್ಕೊಹಾಲ್ ಆವಿಯಾಗುತ್ತ ಮೈ ತಣಿಸುತ್ತದೆ. ದನಗಳ ಉಣ್ಣೆಗೆ ಹಾಕುವ ಅಮಿಟ್ರಾಜ್, ಸೈಪರ್‌ಮೆಥ್ರಿನ್ ದ್ರಾವಣಗಳನ್ನು ಮರಿಹಾವಿಗೆ ಮನೆಯಲ್ಲಿ ಹಾಕುವ ಯೋಚನೆಯೇ ಬೇಡ.

ಈಚೆಗೆ ನಾಯಿಗಳಿಗೆಂದು ಬಂದ ಅಫಾಕ್ಸೊಲನರ್, ಫ್ಲುರಲನರ್ ಎಂಬ ಬಾಯಿಯ ಮದ್ದುಗಳನ್ನು ಹಾವುಗಳಿಗೂ ಕೊಟ್ಟು ನೋಡಿದ ವೈದ್ಯರಿದ್ದಾರೆ, ಒಳ್ಳೆಯ ಗುಣ ಕಂಡಿದೆ. ಆದರೆ ಅಲ್ಲೂ ಗ್ರಾಂ ಲೆಕ್ಕವೇ. ಗುಳಿಗೆಯ ಚೂರು ಮುರಿದು ಅಂದಾಜಿನಲ್ಲಿ ತಿನ್ನಿಸುವ ವಿಷಯವಲ್ಲ.

ತಪ್ಪು ಕಲ್ಪನೆ: ರಾಸಾಯನಿಕ ಬೇಡ, ನಮ್ಮ ಹಿತ್ತಲಿನ ಮದ್ದು ಸುರಕ್ಷಿತ.

ಬೇವಿನೆಣ್ಣೆ, ಕರ್ಪೂರ, ನುಸಿಗುಳಿಗೆ, ಹೊಗೆಸೊಪ್ಪಿನ ಕಷಾಯ, ತೆಂಗಿನೆಣ್ಣೆ. ಕನ್ನಡದ ಮನೆಯಲ್ಲಿ ಇವುಗಳ ಹೆಸರು ಬರದೆ ಇರದು, ಕಡಲಾಚೆ ಹೋದರೂ ಅಮ್ಮನ ಫೋನಿನಲ್ಲಿ ಬರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಹೊಗೆಸೊಪ್ಪು. ದನದ ಹೇನಿಗೆ ಅದರ ಕಷಾಯ ಬಳಿಯುವ ರೂಢಿ ಹಳೆಯದು. ಕೊಲ್ಲುವುದು ನಿಕೋಟಿನ್. ಅದು ಚರ್ಮದ ಮೂಲಕ ನೇರ ಒಳಹೋಗುವ ಉಗ್ರ ವಿಷ. ದನದ ದಪ್ಪ ಚರ್ಮ, ನೂರಾರು ಕಿಲೋ ತೂಕ ತಡೆದುಕೊಂಡದ್ದನ್ನು ಏಳು ಗ್ರಾಂ ಮರಿ ತಡೆಯದು. ನುಸಿಗುಳಿಗೆಯ ನ್ಯಾಫ್ತಲೀನ್ ಮತ್ತು ಕರ್ಪೂರ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಯಾಗಿ ತುಂಬಿಕೊಳ್ಳುತ್ತವೆ. ಹಾವಿಗೆ ಓಡಿಹೋಗಲು ಜಾಗವಿಲ್ಲ. ಬೀರುವಿನ ಸೀರೆ ಉಸಿರಾಡುವುದಿಲ್ಲ, ಹಾವು ಉಸಿರಾಡುತ್ತದೆ.

ತೆಂಗಿನೆಣ್ಣೆಯೋ ಆಲಿವ್ ಎಣ್ಣೆಯೋ ವಿಷವಲ್ಲ. ಎಣ್ಣೆ ನುಸಿಯ ಉಸಿರುರಂಧ್ರ ಮುಚ್ಚಿ ಕೊಲ್ಲುತ್ತದೆ. ಕಣ್ಣಿನ ಸುತ್ತ, ಗದ್ದದ ಸೀಳಿನಲ್ಲಿ ಹತ್ತಿಕಡ್ಡಿಯ ತುದಿಯಿಂದ ಒಂದಿಷ್ಟು ಸವರಿ, ಎದ್ದ ನುಸಿಗಳನ್ನು ಒರೆಸಿ ತೆಗೆಯುವುದು ಉಪಯೋಗದ ಕೆಲಸ. ಮೈಗೆಲ್ಲ ಅಭ್ಯಂಜನ ಮಾಡಿಸಬೇಡಿ. ಮೂಗಿನ ಹೊಳ್ಳೆ ಮುಚ್ಚುತ್ತದೆ, ಪೊರೆ ಸರಿಯಾಗಿ ಕಳಚದೆ ಅಂಟಿಕೊಳ್ಳುತ್ತದೆ. ಬೇವಿನೆಣ್ಣೆಯಲ್ಲಿ ಕೀಟಗಳನ್ನು ತಡೆಯುವ ಅಂಶವಿರುವುದು ನಿಜ, ಆದರೆ ಮರಿಹಾವಿಗೆ ಎಷ್ಟು ಹಾಕಿದರೆ ಕ್ಷೇಮ ಎಂಬ ಅಳತೆ ಯಾವ ಕೈಪಿಡಿಯೂ ಕೊಟ್ಟಿಲ್ಲ. ಡಯಟಮ್ ಮಣ್ಣಿನ ಪುಡಿ ನುಸಿಯ ಮೈ ಒಣಗಿಸಿ ಕೊಲ್ಲುತ್ತದೆ, ಅದೇ ಧೂಳು ಹಾವಿನ ಶ್ವಾಸಕೋಶಕ್ಕೂ ಇಳಿಯುತ್ತದೆ.

ನಿಜವಾಗಿ ‘ನೈಸರ್ಗಿಕ’ ಎನ್ನಬಹುದಾದ ಉಪಾಯ ಒಂದಿದೆ. ಸ್ಟ್ರಾಟಿಯೋಲೆಲಾಪ್ಸ್ ಸ್ಕಿಮಿಟಸ್ ಎಂಬ ಬೇಟೆಗಾರ ನುಸಿ. ಹಸಿರುಮನೆಗಳ ಮಣ್ಣಿನ ಕೀಟಗಳನ್ನು ತಿನ್ನಿಸಲು ಅಮೆರಿಕ, ಯುರೋಪುಗಳಲ್ಲಿ ಮಾರುತ್ತಾರೆ. ಹಾವು ಸಾಕುವವರು ಅದನ್ನೇ ತಂದು ಹಾಸಿಗೆ ಬಿಡುತ್ತಾರೆ. ಅದು ಹಾವನ್ನು ಕಚ್ಚುವುದಿಲ್ಲ, ಹಾವಿನ ನುಸಿಯನ್ನು ಹಿಡಿದು ತಿನ್ನುತ್ತದೆ. ವಿಷ ಹೊಡೆದ ಪೆಟ್ಟಿಗೆಗೆ ಬಿಟ್ಟರೆ ಅದೂ ಸಾಯುತ್ತದೆ ಎಂಬುದನ್ನು ಮರೆತು ಎರಡನ್ನೂ ಒಟ್ಟಿಗೆ ಮಾಡಿ ದುಡ್ಡು ಕಳೆದುಕೊಳ್ಳುವವರೂ ಇದ್ದಾರೆ.

ತಪ್ಪು ಕಲ್ಪನೆ: ಪೆಟ್ಟಿಗೆಗೆ ಜಿರಳೆ ಸ್ಪ್ರೇ ಹೊಡೆದು, ವಾಸನೆ ಹೋದ ಮೇಲೆ ಹಾವು ಬಿಟ್ಟರೆ ಸಾಕು.

ವಾಸನೆ ಹೋದದ್ದು ವಿಷ ಹೋದದ್ದಕ್ಕೆ ಸಾಕ್ಷಿಯಲ್ಲ. ಜಿರಳೆ ಸ್ಪ್ರೇಗಳಲ್ಲಿ ಒಂದಕ್ಕಿಂತ ಹೆಚ್ಚು ಪೈರೆಥ್ರಾಯ್ಡ್‌ಗಳು, ಸೀಮೆಎಣ್ಣೆಯಂಥ ದ್ರಾವಕ ಇರುತ್ತವೆ. ಹಾವಿನ ಪೆಟ್ಟಿಗೆಯಲ್ಲಿ ಕೆಳಗಿನಿಂದ ಹೀಟ್ ಮ್ಯಾಟ್ ಉರಿಯುತ್ತಿರುತ್ತದೆ. ಗೋಡೆಗೆ ಅಂಟಿದ್ದು ಬಿಸಿಗೆ ಮತ್ತೆ ಆವಿಯಾಗುತ್ತದೆ.

ಅಮೆರಿಕದಲ್ಲಿ ಹಾವಿನ ಪೆಟ್ಟಿಗೆಗೆಂದೇ ಅಳತೆ ಹಾಕಿ ಮಾಡಿದ ಪರ್ಮೆಥ್ರಿನ್ ಸ್ಪ್ರೇ ಸಿಗುತ್ತದೆ. ಅದರ ಶರತ್ತುಗಳು ಬಿಗಿ: ಹಾವೂ ನೀರಿನ ಬಟ್ಟಲೂ ಹೊರಗೆ, ತೆಳ್ಳಗೆ ಸಿಂಪಡಣೆ, ಪೂರ್ತಿ ಒಣಗುವ ತನಕ ಗಾಳಿಯಾಡಿಸುವುದು, ಆಮೇಲಷ್ಟೇ ಹಾವು. ಒದ್ದೆ ಇರುವಾಗ ಬಿಟ್ಟರೆ ಮರಿ ನಡುಗಲು ಶುರುಮಾಡುತ್ತದೆ, ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡುತ್ತ ಉಳಿಯುತ್ತದೆ. ಹಾಗಾದರೆ ತಕ್ಷಣ ಹೊರತೆಗೆದು ಹದವಾದ ನೀರಿನಲ್ಲಿ ಮೈ ತೊಳೆದು, ಗಾಳಿಯಾಡುವಲ್ಲಿಟ್ಟು, ವೈದ್ಯರ ಬಳಿಗೆ ಓಡಬೇಕು.

ಹಿಂದೆ ಡೈಕ್ಲೋರ್ವಾಸ್ ಸವರಿದ ಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ತೂಗುಹಾಕುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿತ್ತು. ನಮ್ಮ ರೈತರಿಗೆ ಡೈಕ್ಲೋರ್ವಾಸ್ ‘ನುವಾನ್’ ಎಂದೇ ಪರಿಚಯ. ಭಾರತದಲ್ಲಿ 2020ರ ಕೊನೆಯಿಂದ ಅದಕ್ಕೆ ನಿಷೇಧವಿದೆ. ಹಳೆಯ ಪುಸ್ತಕದಲ್ಲಿ ಓದಿದ್ದನ್ನು ಮನೆಯ ಹಳೆಯ ಬಾಟಲಿಯಿಂದ ಪ್ರಯೋಗಿಸುವವರಿಗೆ ಇದು ಗೊತ್ತಿರಲಿ.

ತಪ್ಪು ಕಲ್ಪನೆ: ಒಂದು ವಾರದಿಂದ ಒಂದೂ ಕಂಡಿಲ್ಲ, ಮುಗಿಯಿತು.

ಮೇಲೆ ಹೇಳಿದ ಮೂರು ಅಡಗಿದ ಅವಸ್ಥೆಗಳನ್ನು ನೆನೆಯಿರಿ. ಬಹಳಷ್ಟು ಮದ್ದುಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ. ರಕ್ತ ಸಿಗದ ಎಳೆನುಸಿ ವಾರಗಟ್ಟಲೆ ಹಸಿದು ಕಾಯಬಲ್ಲದು. ವೈದ್ಯರು ಎರಡು ವಾರಕ್ಕೊಮ್ಮೆ ಮದ್ದನ್ನು ಮತ್ತೆ ಹಾಕಿಸುವುದು ಈ ನಡುವೆ ಒಡೆದ ಮೊಟ್ಟೆಗಳ ಸಲುವಾಗಿ. ಕಡೆಯ ನುಸಿ ಕಂಡ ದಿನದಿಂದ ಆರು ವಾರ ಬಿಳಿ ಹಾಸು, ಶುಚಿ, ತಪಾಸಣೆ ಮುಂದುವರಿಯಬೇಕು. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಾಕಿ ಮುಚ್ಚಳದ ಅಂಚು ನೋಡಿ. ಹಗಲಲ್ಲಿ ಕಾಣದ್ದು ಆಗ ನಡೆದಾಡುತ್ತಿರುತ್ತದೆ. ಮರಿಯ ಮೈಮೇಲೆ ಬೂದಿಯಂಥ ಬಿಳಿ ಪುಡಿ ಮತ್ತೆ ಕಂಡರೆ ಅದು ನುಸಿಯ ಹಿಕ್ಕೆ, ಕೆಲಸ ಮುಗಿದಿಲ್ಲ.

ತಪ್ಪು ಕಲ್ಪನೆ: ಕಾಡಿನ ಹಾವಿಗೂ ಇರುತ್ತವಲ್ಲ, ತಾನೇ ಹೋಗುತ್ತದೆ.

ಕಾಡಿನ ಹಾವು ಇಂದು ಈ ಬಿಲ, ನಾಳೆ ಆ ಪೊದೆ. ಅದು ಬಿಟ್ಟುಹೋದ ಜಾಗದಲ್ಲಿ ಒಡೆದ ಮೊಟ್ಟೆಗಳಿಗೆ ಊಟ ಸಿಗುವುದಿಲ್ಲ. ಪೆಟ್ಟಿಗೆಯ ಹಾವು ಎರಡಡಿ ಜಾಗದಲ್ಲಿ ಹುಟ್ಟಿದ ಪ್ರತಿ ನುಸಿಗೂ ಎಟಕುತ್ತದೆ. ನಮ್ಮ ಕಡೆ ಕೇರೆಹಾವು, ಹೆಬ್ಬಾವುಗಳ ಮೇಲೆ ಕಾಣುವ ದೊಡ್ಡ, ಚಪ್ಪಟೆ, ಕಚ್ಚಿ ಕೂತೇ ಇರುವ ಜೀವಿ ಉಣ್ಣೆ. ಅದು ಬೇರೆ, ಚಿಮಟದಿಂದ ಒಂದೊಂದಾಗಿ ತೆಗೆಯಬಹುದಾದದ್ದು.

ಏಳು ಗ್ರಾಂ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಅರ್ಧ ಎಂಎಲ್, ಹತ್ತು ಹನಿಯ ಆಸುಪಾಸು. ನೂರಾರು ನುಸಿಗಳು ಅದರಲ್ಲೇ ಪಾಲು ಪಡೆಯಬೇಕು. ರಕ್ತಹೀನತೆಯ ಜೊತೆಗೆ ಸೋಂಕೂ ಇದೆ. ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ನುಸಿ ಒಂದು ಹಾವಿನಿಂದ ಇನ್ನೊಂದಕ್ಕೆ ದಾಟಿಸಿ ರಕ್ತನಂಜು ತರಬಲ್ಲದು ಎಂದು ಇದೇ ಕ್ಯಾಮಿನ್ 1948ರಲ್ಲೇ ತೋರಿಸಿದ್ದರು. ಬೋವಾ, ಪೈಥಾನ್‌ಗಳನ್ನು ಕೊಲ್ಲುವ ಇನ್‌ಕ್ಲೂಷನ್ ಬಾಡಿ ರೋಗದ ಹಿಂದೆ ಅರೆನಾವೈರಸ್ ಇದೆಯೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು ಪತ್ತೆಮಾಡಿದರು. ಅದನ್ನು ಹರಡುವುದರಲ್ಲಿ ನುಸಿಯ ಕೈವಾಡವಿದೆ ಎಂಬ ಶಂಕೆ ಬಲವಾಗಿದೆ.

ತಪ್ಪು ಕಲ್ಪನೆ: ನುಸಿ ಮನುಷ್ಯರನ್ನು ಮುಟ್ಟುವುದಿಲ್ಲ.

ಮುಟ್ಟುತ್ತದೆ, ಆದರೆ ನಮ್ಮ ಮೇಲೆ ನೆಲೆಸುವುದಿಲ್ಲ. ಸಾಕುಹಾವಿನ ನುಸಿ ಕಚ್ಚಿ ಚರ್ಮದ ಮೇಲೆ ಗುಳ್ಳೆ ಎದ್ದದ್ದು 1975ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಹಾವು ಗುಣವಾದರೆ ಕೈಯ ತುರಿಕೆಯೂ ನಿಲ್ಲುತ್ತದೆ.

ತಪ್ಪು ಕಲ್ಪನೆ: ವೈದ್ಯರ ಹತ್ತಿರ ಹೋದರೆ ಕೇಸಾಗುತ್ತದೆ, ಮನೆಯಲ್ಲೇ ನೋಡಿಕೊಳ್ಳೋಣ.

ಕೈಮದ್ದುಗಳು ಹಬ್ಬಿರುವುದರ ನಿಜವಾದ ಕಾರಣ ನನ್ನ ಮಟ್ಟಿಗೆ ಇದೇ. ಕಾನೂನು ಇಷ್ಟು: ನಮ್ಮ ನೆಲದ ಹಾವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೇರೆಯಾದರೂ ಅಷ್ಟೆ, ಹೆಬ್ಬಾವಿನ ಮರಿಯಾದರೂ ಅಷ್ಟೆ. ಹಿತ್ತಲಲ್ಲಿ ಸಿಕ್ಕ ಮರಿಯ ಮೈಮೇಲೆ ಹುಳ ಕಂಡು ಕರುಣೆ ಉಕ್ಕಿದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಡಬ್ಬಿಗೆ ಹಾಕಿ ಸಾಕಲು ಹೊರಡಬೇಡಿ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ್ದು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಸರಿಯಿದ್ದವರಿಗೆ ಆಸ್ಪತ್ರೆಯ ಬಾಗಿಲಿಗೆ ಹೆದರುವ ಕಾರಣವಿಲ್ಲ. ಕಾಗದವಿಲ್ಲದವರ ಹೆದರಿಕೆಗೆ ಬೆಲೆ ತೆರುತ್ತಿರುವುದು ಮರಿ.

ಹೋಗುವ ಮುನ್ನ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿಯಿಟ್ಟು, ಸೊನ್ನೆ ಮಾಡಿ, ಮರಿಯನ್ನು ಹಾಕಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದುಕೊಳ್ಳಿ. ಕೊನೆಯ ಊಟದ ದಿನ, ಕೊನೆಯ ಪೊರೆಯ ದಿನ, ಈವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಒಂದೆರಡು ನುಸಿಗಳನ್ನು ಸೆಲೋಟೇಪಿಗೆ ಅಂಟಿಸಿ ಒಯ್ಯಿರಿ. ಕಂಡ ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಮರಿ ಸೊರಗಿ ಚರ್ಮ ಸುಕ್ಕುಗಟ್ಟಿದ್ದರೆ ಅವರು ಮೊದಲು ದ್ರವ ಕೊಟ್ಟು ಚೇತರಿಸಿ, ಆಮೇಲೆ ನುಸಿಯ ಮದ್ದಿಗೆ ಕೈಹಾಕುತ್ತಾರೆ. ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಪೆಟ್ಟಿಗೆ ತೊಳೆಯುವುದು, ಕಾಗದ ಬದಲಿಸುವುದು, ಅಷ್ಟೆ. ಆ ಐವರ್‌ಮೆಕ್ಟಿನ್ ಬಾಟಲಿಯ ಮುಚ್ಚಳ ಮಾತ್ರ ತೆರೆಯಬೇಡಿ.